ಹದಿನೈದು ದಿನದ ಕಿವಿ

ಮೊನ್ನೆ ಅಟ್ಟದ ಮೇಲಿನ ಟ್ರಂಕು ಇಳಿಸಿಕೊಂಡು ಹಳೆಯ ಬಟ್ಟೆಬರೆ ವಿಂಗಡಿಸಲು ಕೂತಿದ್ದೆ. ಇಟ್ಟುಕೊಳ್ಳುವುದೊಂದು ರಾಶಿ, ಕೊಟ್ಟುಬಿಡುವುದೊಂದು ರಾಶಿ ಎಂದುಕೊಂಡಿದ್ದವಳಿಗೆ ಮೂರನೆಯದೊಂದು ರಾಶಿ ಬೆಳೆಯಿತು. ಅದು ಹತ್ತಿಯ ರಾಶಿ. ಸ್ವೆಟರಿನ ಜೇಬಿನಲ್ಲಿ ಹತ್ತಿ, ಹಿಡಿಕೆ ಕಿತ್ತುಹೋದ ಪರ್ಸುಗಳಲ್ಲಿ ಹತ್ತಿ, ಯಾರದೋ ಮದುವೆಗೆ ಉಟ್ಟು ಮಡಿಸಿಟ್ಟ ಸೀರೆಯ ಮಡಿಕೆಯಲ್ಲೂ ಕಡಲೆಕಾಳಿನಷ್ಟು ಹತ್ತಿ. ಬೇರೆ ಹೆಂಗಸರ ಹಳೆಯ ಪರ್ಸಿನಲ್ಲಿ ಬಸ್ ಟಿಕೆಟ್ ಸಿಗುತ್ತದೆ, ಅದೃಷ್ಟವಿದ್ದರೆ ಕಳೆದುಹೋದ ಬೆಂಡೋಲೆ ಸಿಗುತ್ತದೆ. ನಮ್ಮ ಮನೆಯವರು ನನ್ನ ರಾಶಿಯನ್ನು ನೋಡಿ, "ಇಷ್ಟ್ರಾಗ ಒಂದು ತಲಿದಿಂಬ ಆಗ್ತಿತ್ತಲ್ಲ" ಎಂದು ಮತ್ತೆ ಪೇಪರಿನ ಹಿಂದೆ ಮರೆಯಾದರು.

ಹತ್ತಿ ಇದ್ದದ್ದು ನನ್ನ ಬಲಗಿವಿಗೆ. ಅದು ಸೋರುತ್ತಿತ್ತು. ಕನ್ನಡದಲ್ಲಿ ಕಿವಿ ಸೋರುತ್ತದೆ, ಮಾಳಿಗೆ ಸೋರಿದ ಹಾಗೆ. ತೆಲುಗಿನವರು 'ಕಾರುತೋಂದಿ' ಎನ್ನುತ್ತಾರೆ, ಅದರಲ್ಲಿ ಸ್ವಲ್ಪ ಅವಸರವಿದೆ. ಹಿಂದಿಯಲ್ಲಿ 'ಬಹತಾ ಹೈ' ಅಂದರೆ ಹರಿಯುತ್ತದೆ, ಏನೋ ಗಂಗಾನದಿಯೇ ಹೊರಟಿತೆನ್ನುವ ಹಾಗೆ. ಹೈದರಾಬಾದಿಗೆ ಬಂದ ಮೇಲೆ ಈ ಮೂರೂ ಭಾಷೆಗಳಲ್ಲಿ ನನ್ನ ಕಿವಿಯ ಸಮಾಚಾರ ಹೇಳಲು ಕಲಿತೆ. ಆದರೆ ಯಾವ ಭಾಷೆಯಲ್ಲೂ ನಿಜ ಹೇಳಲಿಲ್ಲ. ಯಾಕೆ ಎಂದು ಹೇಳಬೇಕಾದರೆ ಗುಲಬರ್ಗಾಕ್ಕೆ, ನನ್ನ ತವರಿಗೆ ಹೋಗಬೇಕು.

ನನ್ನ ಕಿವಿ ಯಾವಾಗ ಕೆಟ್ಟಿತೆಂದು ನನಗೇ ನೆನಪಿಲ್ಲ, ಅಷ್ಟು ಚಿಕ್ಕವಳು. ಯಾಕೆ ಕೆಟ್ಟಿತೆಂಬುದಕ್ಕೆ ಮಾತ್ರ ಮನೆಯಲ್ಲಿ ತಲೆಗೊಂದು ಕಾರಣವಿತ್ತು. ದಡಾರ ಎದ್ದಾಗ ಶಾಖ ಕಿವಿಗೆ ಇಳಿಯಿತು ಎಂದು ಅಜ್ಜಿ. ಬಾವಿಯಲ್ಲಿ ಮುಳುಗು ಹಾಕಿದ್ದರಿಂದ ಎಂದು ಅಪ್ಪ. ಸಾಲಿಯ ಮಾಸ್ತರರು ಕಿವಿ ಹಿಂಡಿದ್ದರಿಂದ ಎಂದು ನಾನು ಹೇಳುತ್ತಿದ್ದೆ, ಹೇಗಾದರೂ ಶಾಲೆ ತಪ್ಪಿಸುವ ಆಸೆಯಿಂದ. ಕಾರಣಗಳಷ್ಟೇ ಔಷಧಿಗಳೂ ಇದ್ದವು. ಒಳ್ಳೆಣ್ಣೆಯಲ್ಲಿ ಬೆಳ್ಳುಳ್ಳಿ ಕರಿದು ಬಿಸಿಬಿಸಿಯಾಗಿ ಎರಡು ಹನಿ. ತುಳಸಿ ರಸ. ಪಕ್ಕದ ಮನೆಯಲ್ಲಿ ಬಾಣಂತಿಯಿದ್ದರೆ ಅವಳ ಎದೆಹಾಲು. ದವಾಖಾನೆಯಿಂದ ತಂದ ನೊರೆ ಬರುವ ಔಷಧಿಯೊಂದಿತ್ತು, ಅದನ್ನು ಹಾಕಿದರೆ ಕಿವಿಯೊಳಗೆ ಸೋಡಾ ಬಾಟಲಿ ಒಡೆದಂತೆ ಗುಳುಗುಳು ಎನ್ನುತ್ತಿತ್ತು. ಅದೊಂದೇ ನನಗೆ ಸೇರುತ್ತಿದ್ದ ಔಷಧಿ. ಈ ಎಲ್ಲದರಿಂದ ಕಿವಿ ಎರಡು ತಿಂಗಳು ಒಣಗುವುದು, ನೆಗಡಿ ಬಂತೆಂದರೆ ಮತ್ತೆ ಶುರುವಾಗುವುದು. ಹೀಗೆ ಸೋರುತ್ತ ಸೋರುತ್ತ ಬಲಗಿವಿ ಕೇಳುವುದನ್ನು ಬಿಟ್ಟಿತು. ಎಡಗಿವಿ ಚೆನ್ನಾಗಿದ್ದದ್ದರಿಂದ ಬಿಟ್ಟದ್ದು ಯಾರಿಗೂ ಗೊತ್ತಾಗಲಿಲ್ಲ, ಅವ್ವನೊಬ್ಬಳ ಹೊರತು.

ಹೈದರಾಬಾದಿನ ರೈಲ್ವೆ ಮನೆತನದವರು ಕನ್ಯಾ ನೋಡಲು ಬರುತ್ತಾರೆ ಎಂದಾಗ ಅವ್ವನಿಗೆ ಹತ್ತಿದ ಚಿಂತೆ ನನ್ನ ಬಣ್ಣದ್ದಲ್ಲ, ಓದಿನದ್ದಲ್ಲ, ಈ ಕಿವಿಯದ್ದು. ಹಿಂದಿನ ದಿನ ಜಮಖಾನೆ ಹಾಸಿ, ನಾನು ಎಲ್ಲಿ ಕೂರಬೇಕೆಂದು ತೋರಿಸಿ, ನಾಟಕದ ತಾಲೀಮಿನಂತೆ ಮಾಡಿಸಿದಳು.

"ಬಲಗಡೆ ಗ್ವಾಡಿ ಬರೂ ಹಂಗ ಕುಂದ್ರು. ಆ ಕಡೆ ಯಾರಿಗೂ ಕೂಡಾಕ ಜಾಗಾ ಇರಬಾರದು. ಕೇಳಿದ್ದಕ್ಕಷ್ಟ ಹೇಳು. ಕೇಳಸ್ಲಿಲ್ಲಂದ್ರ ತಲಿ ಬಗ್ಗಸು, ನಾಚಿಕಿ ಅಂತ ತಿಳಕೋತಾರ."

ನಾನು ಹಾಗೆಯೇ ಗೋಡೆಗೆ ಕೂತೆ. ಹುಡುಗನ ಸೋದರಮಾವ ದೂರದಿಂದ ಏನೋ ಕೇಳಿದರು, ತಲೆ ಬಗ್ಗಿಸಿದೆ. ಇನ್ನೊಂದು ಕೇಳಿದರು, ಇನ್ನಷ್ಟು ಬಗ್ಗಿಸಿದೆ. ಈ ಕಾಲದಲ್ಲೂ ಇಷ್ಟು ನಾಚಿಕೆಯ ಹುಡುಗಿ ಸಿಗುತ್ತಾಳೆಯೇ ಎಂದು ಅವರು ಹೋಗುವಾಗ ಹೊಗಳಿದರಂತೆ. ಹುಡುಗ ನಾಚುವವನಂತೆ ಕಾಣಲಿಲ್ಲ. ಉಪ್ಪಿಟ್ಟನ್ನು ಎರಡನೆಯ ಸಲ ಹಾಕಿಸಿಕೊಂಡ.

ಮದುವೆ ಗೊತ್ತಾದ ದಿನ ಅವ್ವ ನನ್ನನ್ನು ಒಳಗೆ ಕರೆದು ಹೇಳಿದಳು. "ಇನ್ನ ಮ್ಯಾಲ ಕಿವಿ ಸುದ್ದಿ ಯಾರ ಮುಂದನೂ ತಗೀಬ್ಯಾಡ. ತಗದಿ ಅಂದ್ರ ನಿನಗೇನೂ ಅನ್ನೂದಿಲ್ಲ ಅವರು. ನನಗ ಅಂತಾರ, ಮುಚ್ಚಿಟ್ಟು ಲಗ್ನಾ ಮಾಡ್ಯಾಳ ನೋಡ ಅಂತ." ನಾನು ಆಯ್ತವ್ವ ಎಂದೆ. ಕೆಲವು ವರ್ಷಗಳ ಮೇಲೆ ಅವ್ವ ತೀರಿಕೊಂಡಳು. ಆಮೇಲೆ ಆ ಮಾತು ಇನ್ನೂ ಗಟ್ಟಿಯಾಯಿತು. ಇದ್ದವಳಾಗಿದ್ದರೆ ಜಗಳವಾಡಿ ಮಾತನ್ನು ಬಿಡಿಸಿಕೊಳ್ಳಬಹುದಿತ್ತು. ಸತ್ತವಳ ಹೆಸರಿಗೆ ನನ್ನ ಕಿವಿಯಿಂದ ಒಂದು ಮಾತು ಬರಬಾರದು ಎಂಬುದಷ್ಟೇ ನನಗೆ ದೊಡ್ಡದಾಗಿ ಉಳಿಯಿತು.

ನಮ್ಮ ಅತ್ತೆಮನೆ ಮಲ್ಕಾಜ್‌ಗಿರಿಯಲ್ಲಿ, ರೈಲುಹಳಿಗೆ ಹೊಂದಿಕೊಂಡ ಗಲ್ಲಿಯಲ್ಲಿ. ಮಾವನವರು ರೈಲ್ವೆಯಲ್ಲಿದ್ದಾಗ ಕಟ್ಟಿಸಿದ್ದು. ನಾನು ಹೋಗುವಷ್ಟರಲ್ಲಿ ಅವರು ಇರಲಿಲ್ಲ. ಮನೆಯಲ್ಲಿ ಅತ್ತೆ, ರೈಲ್ವೆಯಲ್ಲೇ ಗುಮಾಸ್ತರಾಗಿದ್ದ ನಮ್ಮವರು ಮತ್ತು ನಾನು. ಅತ್ತೆ ಬಿಜಾಪುರದ ಕಡೆಯವರು. ತೆಲುಗಿನ ನಡುವೆ ಎಷ್ಟೋ ವರ್ಷ ಕಳೆದರೂ ಅವರ ಕನ್ನಡ ಮಾತ್ರ ಜೋಳದ ರೊಟ್ಟಿಯ ಹಾಗೆ ಉಳಿದಿತ್ತು. ಊರಿನಿಂದ ಬಂದ ನೆಂಟರಿಗೆ ನಮ್ಮ ಮನೆಯಲ್ಲಿ ನಿದ್ದೆ ಬರುತ್ತಿರಲಿಲ್ಲ. ಗೂಡ್ಸು ಹೋದರೆ ಕಿಟಕಿಯ ಸರಳೆಲ್ಲ ಅಲುಗುತ್ತಿದ್ದವು. ನಾನು ಎಡಗಿವಿಯನ್ನು ದಿಂಬಿಗೆ ಒತ್ತಿ ಮಲಗಿಬಿಡುತ್ತಿದ್ದೆ. ಒಂದು ಕಿವಿ ಕೆಟ್ಟವರಿಗೆ ದೇವರು ಕೊಟ್ಟಿರುವ ಸವಲತ್ತು ಅದೊಂದೇ. "ಹೊಸಾ ಸೊಸಿ ಎರಡ ದಿನದಾಗ ಗಾಡಿ ಸಪ್ಪಳಕ್ಕ ಹೊಂದಿಕೊಂಡ್ಳು ನೋಡ್ರಿ" ಎಂದು ಅತ್ತೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು.

ಉಳಿದದ್ದು ಅಷ್ಟು ಸುಲಭವಿರಲಿಲ್ಲ. ಊಟಕ್ಕೆ ಕೂತರೆ ಬಲಗಡೆ ಗೋಡೆ ಬೇಕು. ಬಸ್ಸಿನಲ್ಲಿ ಬಲಗಡೆ ಕಿಟಕಿ ಬೇಕು. ಗಂಡನ ಜೊತೆ ನಡೆಯುವಾಗ ಅವರು ಎಡಕ್ಕಿರಬೇಕು. ಅವರು ರಸ್ತೆ ದಾಟಿ ಬಲಕ್ಕೆ ಬಂದರೆ ನಾನು ಚಪ್ಪಲಿಯ ನೆಪ ಮಾಡಿ ನಿಂತು, ಹಿಂದಿನಿಂದ ಸುತ್ತಿ ಮತ್ತೆ ಸ್ಥಾನ ಹಿಡಿಯಬೇಕು. ನನ್ನ ಚಪ್ಪಲಿ ಯಾವಾಗಲೂ ಯಾಕೆ ಹರಿಯುತ್ತದೆ ಎಂದು ಅವರು ಪಾಪ ಎರಡು ಜೊತೆ ಹೊಸದು ಕೊಡಿಸಿದರು. ಕೇಳಿಸದಿರುವುದಕ್ಕಿಂತ ನನಗೆ ನಾಚಿಕೆಯಾಗುತ್ತಿದ್ದದ್ದು ವಾಸನೆಯದು. ಸೋರುವ ಕಿವಿಗೆ ವಾಸನೆಯಿರುತ್ತದೆ, ಅನುಭವವಿಲ್ಲದವರಿಗೆ ಇದು ಗೊತ್ತಿರುವುದಿಲ್ಲ. ಯಾರಾದರೂ ಹತ್ತಿರ ಬಂದು ಮೂಗು ಏರಿಸಿದರೆ, ಅವರಿಗೆ ಸೀನು ಬರುತ್ತಿದ್ದರೂ ಸರಿ, ನನ್ನ ಮುಖ ಬಿಸಿಯಾಗುತ್ತಿತ್ತು. ಅದಕ್ಕೇ ಹತ್ತಿ, ದಿನಕ್ಕೆ ನಾಲ್ಕಾರು ಸಲ.

ಹೊಸ ಸೊಸೆ ದಿನಾ ಹತ್ತಿ ಎಲ್ಲಿಂದ ತರಬೇಕು? ದೇವರ ಜಗಲಿಯ ಕೆಳಗೆ ಒಂದು ಡಬ್ಬಿಯಲ್ಲಿ ಅತ್ತೆ ದೀಪದ ಬತ್ತಿಗೆಂದು ಹತ್ತಿ ಇಟ್ಟಿರುತ್ತಿದ್ದರು. ಬೀಜ ಬಿಡಿಸಿ, ಎಳೆ ಎಳೆಯಾಗಿ ಹಿಂಜಿದ ಒಳ್ಳೆಯ ಹತ್ತಿ. ಸ್ನಾನ ಮಾಡಿ ಮಡಿಯಿಂದಲೇ ಹೋಗಿ ಅದರಿಂದ ಚಿವುಟಿಕೊಳ್ಳುತ್ತಿದ್ದೆ. ದೇವರ ಹತ್ತಿಯನ್ನು ಇಂಥ ಕೆಲಸಕ್ಕೆ ಬಳಸಿದ್ದಕ್ಕೆ ದಿನಾ ಒಂದು ನಮಸ್ಕಾರ ಹೆಚ್ಚಿಗೆ ಹಾಕುತ್ತಿದ್ದೆ. ಸೊಸೆಗೆ ದೈವಭಕ್ತಿ ಭಾಳ ಎಂದು ಅದಕ್ಕೂ ಹೆಸರು ಬಂತು.

ಕಿವಿ ಜಾಸ್ತಿ ಸೋರಿ ನೋವಾದಾಗ ಡಾಕ್ಟರ ಹತ್ತಿರ ಹೋಗುತ್ತಿದ್ದೆ, ಹೋಗುತ್ತಿರಲಿಲ್ಲ ಎಂದಲ್ಲ. ಆದರೆ ಒಬ್ಬಳೇ ಹೋಗುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಅತ್ತೆ ಬರುವರು, ಇಲ್ಲವೇ ನಮ್ಮವರು. ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ ಕೇಳುವರು, "ಎನ್ನಿ ರೋಜುಲ ನುಂಚಿ?" ಎಷ್ಟು ದಿನದಿಂದ? ಪಕ್ಕದಲ್ಲಿ ಅತ್ತೆ ಕೂತಿರುವಾಗ, ಹುಟ್ಟಿದಾಗಿನಿಂದಲೇ ಅನ್ನಬಹುದು ಸ್ವಾಮಿ ಎಂದು ಹೇಗೆ ಹೇಳುವುದು? "ಹದಿನೈದು ದಿನದಿಂದ" ಎನ್ನುತ್ತಿದ್ದೆ. ಹದಿನೈದು ದಿನದ ಕಿವಿಗೆ ಕೊಡುವಷ್ಟು ಔಷಧಿಯನ್ನು ಅವರು ಕೊಡುತ್ತಿದ್ದರು. ಒಂದು ಬಾಟಲಿ ಹನಿ, ಐದು ದಿನದ ಗುಳಿಗೆ. ಒಣಗುತ್ತಿತ್ತು. ಮತ್ತೆ ಮುಂದಿನ ಮಳೆಗಾಲಕ್ಕೆ ಬೇರೆ ಡಾಕ್ಟರು, ಮತ್ತೆ ಹದಿನೈದು ದಿನ. ಹೀಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ನನ್ನ ಕಿವಿ ಹದಿನೈದು ದಿನದಿಂದಲೇ ಸೋರುತ್ತಿತ್ತು.

ಇಷ್ಟು ಕಾಲ ಸಿಕ್ಕಿಬೀಳದೆ ಇದ್ದದ್ದು ಹೇಗೆ ಎಂದು ನೀವು ಕೇಳಬಹುದು. ಇದಕ್ಕೆ ನಾನು ಹೈದರಾಬಾದಿಗೆ ಋಣಿ. ಬೇರೆ ಊರಿನಲ್ಲಿ ಕೇಳಿಸದವರನ್ನು ಕಿವುಡರು ಎನ್ನುತ್ತಾರೆ, ಹೈದರಾಬಾದಿನಲ್ಲಿ ಭಾಷೆ ಬಾರದವರು ಎನ್ನುತ್ತಾರೆ. ಮಗ ಶಾಲೆಗೆ ಹೋಗತೊಡಗಿದ ಮೇಲೆ ನಾನೂ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿದೆ. ಅಲ್ಲಿ ಪಕ್ಕದ ಮೇಜಿನವರು ತೆಲುಗಿನಲ್ಲಿ ಏನೋ ಹೇಳಿ, ನಾನು ಸುಮ್ಮನಿದ್ದರೆ, "ಪಾಪಂ, ಆಮೆಕು ತೆಲುಗು ರಾದು" ಎಂದು, ಪಾಪ ಇವಳಿಗೆ ತೆಲುಗು ಬಾರದೆಂದು ಮರುಗಿ, ನಿಧಾನವಾಗಿ, ಎದುರಿಗೆ ಬಂದು, ಬಾಯಿ ಅಗಲಿಸಿ ಮತ್ತೊಮ್ಮೆ ಹೇಳುತ್ತಿದ್ದರು. ನನಗೆ ಬೇಕಾದದ್ದೂ ಅದೇ. ತೆಲುಗು ನನಗೆ ಅವರಷ್ಟೇ ಬರುತ್ತಿತ್ತು. ಉತ್ತರದ ಕಡೆಯ ಅಧಿಕಾರಿಗೆ ನನ್ನ ಹಿಂದಿ ಕಚ್ಚಾ ಎಂಬ ಭಾವನೆ. ಆಟೋದವನಿಗೆ ನಾನು ತೆಲುಗಿನವಳು, ಅದಕ್ಕೇ ಅವನ ಉರ್ದು ತಿಳಿಯುವುದಿಲ್ಲ. ಇನ್ನು ಕನ್ನಡ ಸಂಘದವರಿಗೆ ನಾನು ಹೈದರಾಬಾದಿನಲ್ಲಿದ್ದು ಕನ್ನಡ ಮರೆತವಳು. ಎಲ್ಲರೂ ನನಗೆ ಒಂದೊಂದು ಭಾಷೆ ಬಾರದೆಂದು ತಿಳಿದು ಮರುಕಪಟ್ಟರು, ಕಿವಿಯ ಮೇಲೆ ಮಾತ್ರ ಯಾರೂ ಅನುಮಾನಪಡಲಿಲ್ಲ.

ಮನೆಯಲ್ಲಿ ಭಾಷೆಯ ನೆಪ ನಡೆಯುತ್ತಿರಲಿಲ್ಲ. ಆದರೂ ಅತ್ತೆಗೂ ನನಗೂ ಒಂದು ದಿನವೂ ಜಗಳವಾದದ್ದಿಲ್ಲ. ಓಣಿಯ ತೆಲುಗು ಹೆಂಗಸರು ತಮ್ಮ ಸೊಸೆಯಂದಿರಿಗೆ ನಮ್ಮ ಮನೆಯನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು. ಇದನ್ನು ಕೇಳಿ ನನಗೆ ಒಳಗೊಳಗೆ ಜಂಬವಿತ್ತು. ನನ್ನ ಸಹನೆಯ ಫಲ ಎಂದುಕೊಂಡಿದ್ದೆ.

ಕೊನೆಗೆ ನನ್ನನ್ನು ಹಿಡಿದುಕೊಟ್ಟದ್ದು ತಲೆಸುತ್ತು. ಬೆಳಿಗ್ಗೆ ಹತ್ತಿಯಿಂದ ಕಿವಿ ಒರೆಸುತ್ತಿದ್ದೆ, ಸ್ವಲ್ಪ ಒತ್ತಿದ್ದೇ ತಡ, ಗೋಡೆ ಮೇಲಿನ ಕ್ಯಾಲೆಂಡರು ಗಿರ್ರನೆ ತಿರುಗಿತು. ಮರುವಾರ ತರಕಾರಿ ಅಂಗಡಿಯ ಮುಂದೆ ಹಾಗೆಯೇ ಆಗಿ, ಟೊಮೇಟೊ ಬುಟ್ಟಿಯ ಮೇಲೆ ಕೂತುಬಿಟ್ಟೆ. ನಮ್ಮವರು ರಜೆ ಹಾಕಿ, ತಾರ್ನಾಕದಲ್ಲಿ ಕಿವಿ-ಮೂಗು-ಗಂಟಲಿನ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದರು. ಅತ್ತೆಯೂ ಹೊರಟರು. ಬೇಡವೆಂದರೂ ಕೇಳಲಿಲ್ಲ.

ಮೊದಲು ಕಿವಿಯ ಪರೀಕ್ಷೆ. ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ದೊಡ್ಡ ಹೆಡ್‌ಫೋನು ಹಾಕಿ, ಗಾಜಿನಾಚೆ ಒಬ್ಬ ಹುಡುಗಿ ಕೂತಳು. ಕುಂಯ್ ಎಂದು ಸದ್ದು ಬಂದರೆ ಬೆರಳೆತ್ತಬೇಕು. ಅದಾಯಿತು. ಆಮೇಲೆ ಎಡಗಿವಿಗೆ ಮಾತಿನ ಪರೀಕ್ಷೆ. ಅವಳು ಒಂದೊಂದು ತೆಲುಗು ಶಬ್ದ ಹೇಳುವಳು, ನಾನು ತಿರುಗಿ ಹೇಳಬೇಕು. ಸುಲಭ ಅನ್ನಿಸಿತು. ಕಣ್ಣು ಮುಚ್ಚಿ ಗಮನವಿಟ್ಟು ಹೇಳುತ್ತ ಹೋದೆ.

"ಪಾಲು" ಎಂದಳು.

"ಹಾಲು" ಎಂದೆ.

"ಪುಲಿ."

"ಹುಲಿ."

"ಪಂದಿ."

"ಹಂದಿ."

"ಪಾಮು" ಎಂದದ್ದಕ್ಕೆ ಹಾವು ಎಂದೆ. "ಪೇನು" ಎಂದದ್ದಕ್ಕೆ ಹೇನು ಎಂದೆ. ಹುಡುಗಿ ಹೆಡ್‌ಫೋನಿನಲ್ಲೇ, "ಅಮ್ಮಾ, ನೇನು ಚೆಪ್ಪಿಂದೇ ಚೆಪ್ಪಂಡಿ" ಎಂದಳು, ನಾನು ಹೇಳಿದ್ದನ್ನೇ ಹೇಳಿ ಎಂದು. ನಾನು ಅದನ್ನೇ ಹೇಳುತ್ತಿದ್ದೇನಲ್ಲ ಎಂದು ನನಗೆ ಸಣ್ಣಗೆ ಸಿಟ್ಟೂ ಬಂತು. ಕೊನೆಗೆ ನೋಡಿದರೆ ಒಳ್ಳೆಯ ಕಿವಿಯಲ್ಲೂ ನಾನು ಫೇಲು. ಹುಡುಗಿ ಕಾಗದ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋದಳು. ಎಡಗಿವಿಯೂ ಹೋಗಿದ್ದರೆ ಬಲಗಿವಿಗೆ ಕೈ ಹಾಕುವುದು ಕಷ್ಟ ಎಂದು ಅವರಿಬ್ಬರೂ ಮಾತಾಡಿಕೊಳ್ಳುವುದು ಅದೇ ಎಡಗಿವಿಗೆ ಚೆನ್ನಾಗಿ ಕೇಳಿಸಿತು. ಡಾಕ್ಟರು ಕಾಗದದ ಮೇಲೆ ಕಣ್ಣಾಡಿಸಿದರು. ಹಾಲು, ಹುಲಿ, ಹಂದಿ. ಅವರ ಮೀಸೆ ಅಲುಗಿತು.

"ಮೀದಿ ಕನ್ನಡಮಾ?" ಎಂದರು.

ನಮ್ಮವರು ಹೌದೆಂದು ತಲೆಯಾಡಿಸಿದರು. ಡಾಕ್ಟರು ನಕ್ಕು, ತಪ್ಪು ಹಾಕಿದ್ದನ್ನೆಲ್ಲ ಸರಿ ಮಾಡಿದರು. ಇವತ್ತಿಗೂ ನನಗೆ ಬಗೆಹರಿಯದ್ದು ಒಂದಿದೆ. ನಾನು ಕೇಳಿದ್ದನ್ನು ಕನ್ನಡ ಮಾಡಿ ಹೇಳಿದೆನೋ, ಅಥವಾ ನನಗೆ ಕೇಳಿಸಿದ್ದೇ ಹಾಗೋ. ಯಾರಿಗೆ ಗೊತ್ತು, ಎಂದೋ ಒಂದು ಕಾಲದಲ್ಲಿ ನನ್ನಂಥವಳೊಬ್ಬಳು ಪಾಲನ್ನು ಹಾಲು ಎಂದು ಕೇಳಿಸಿಕೊಂಡಿರಬೇಕು, ಅವಳನ್ನು ತಿದ್ದುವ ಧೈರ್ಯ ಯಾರಿಗೂ ಆಗಿರಲಿಕ್ಕಿಲ್ಲ.

ನಗು ಅಲ್ಲಿಗೇ ಮುಗಿಯಿತು. ಸ್ಕ್ಯಾನು ಬಂದ ದಿನ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ಕಿವಿಯ ಹಿಂದಿನ ಎಲುಬಿನಲ್ಲಿ ಗಂಟೊಂದು ಬೆಳೆದು ಎಲುಬನ್ನು ಗೆದ್ದಲು ತಿಂದಂತೆ ತಿಂದಿತ್ತು. ತಲೆ ತಿರುಗುತ್ತಿದ್ದದ್ದು ಅದಕ್ಕೇ. ಹಾಗೇ ಬಿಟ್ಟರೆ ಮುಖದ ನರಕ್ಕೆ ಹೋಗಬಹುದು, ಮಿದುಳಿಗೂ ಹೋಗಬಹುದು. ಆಪರೇಶನ್ ಮಾಡಿ ಅದನ್ನು ತೆಗೆಯಲೇಬೇಕು. ಕಿವಿ ಮತ್ತೆ ಕೇಳಿಸುತ್ತದೆಂದು ಆಸೆ ಇಟ್ಟುಕೊಳ್ಳಬೇಡಿ, ಒಣಗುತ್ತದೆ, ಜೀವಕ್ಕೆ ಅಪಾಯ ಇರುವುದಿಲ್ಲ, ಅಷ್ಟೇ ಎಂದರು. ಇಷ್ಟು ಹೇಳಿ ಪೆನ್ನು ಎತ್ತಿಕೊಂಡು, ನನ್ನ ಚೀಟಿಯಲ್ಲಿದ್ದ ಹದಿನೈದು ದಿನಗಳನ್ನು ನೋಡಿದರು.

ಇದು ಹದಿನೈದು ದಿನದ್ದಲ್ಲಮ್ಮ ಎಂದರು. "ಚಿನ್ನಪ್ಪಟಿ ನುಂಚಿ ಉಂದಾ?" ಚಿಕ್ಕಂದಿನಿಂದ ಇದೆಯೇ?

ಎಡಕ್ಕೆ ನಮ್ಮವರು, ಅವರ ಆಚೆ ಅತ್ತೆ. ಇಬ್ಬರೂ ನನ್ನ ಕಡೆ ನೋಡಿದರು. ನಾನು ಅವ್ವ ಕಲಿಸಿದ್ದನ್ನೇ ಮಾಡಿದೆ, ತಲೆ ಬಗ್ಗಿಸಿದೆ. ಡಾಕ್ಟರು ಕೇಳಿಸಲಿಲ್ಲವೇನೋ ಎಂದು ತಿಳಿದು ಹೊರಗಿನ ಬೆಂಚಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಮತ್ತೆ ಕೇಳಿದರು. "ಗುರ್ತುಲೇದಂಡಿ" ಎಂದೆ. ನೆನಪಿಲ್ಲ.

ಅತ್ತೆ ಕುರ್ಚಿಯಿಂದ ಮುಂದೆ ಬಾಗಿ, ಕನ್ನಡದಲ್ಲೇ ಡಾಕ್ಟರಿಗೆ ಹೇಳಿದರು. "ನೀವು ಮೊದಲ ಆಪರೇಶನ್ ಮಾಡ್ರಿ. ಯಾವಾಗಿಂದ ಅನ್ನೂದು ಆಮ್ಯಾಲ ಕೇಳೂಣಂತ."

ನಮ್ಮವರು ಮೊದಲನೆಯ ಮಾತನ್ನು ಮಾತ್ರ ತೆಲುಗಿಗೆ ತಿರುಗಿಸಿದರು. ಎರಡನೆಯದು ನನ್ನಲ್ಲೇ ಉಳಿಯಿತು. ಆಮೇಲೆ ಕೇಳುತ್ತಾರೆ. ಮುಖದ ನರ, ಮಿದುಳು ಎಲ್ಲ ಡಾಕ್ಟರ ಚಿಂತೆ ಎಂದು ಬಿಟ್ಟುಕೊಟ್ಟೆ. ನನ್ನ ಚಿಂತೆ ಆ 'ಆಮ್ಯಾಲ'ದ್ದು. ಆಪರೇಶನ್ ಕೋಣೆಗೆ ಒಯ್ಯುವಾಗ ಎಲ್ಲರೂ ದೇವರನ್ನು ನೆನೆಯುತ್ತಾರಂತೆ. ಅವ್ವಾ, ನಿನ್ನ ಹೆಸರು ಕೆಡಿಸಿಬಿಟ್ಟೆ ಎಂದು ನಾನು ಅವಳಿಗೇ ಹೇಳಿಕೊಂಡೆ. ಸೂಜಿ ಚುಚ್ಚಿದರು, ಮುಂದಿನದು ಗೊತ್ತಿಲ್ಲ.

ಎಚ್ಚರವಾದಾಗ ಡಾಕ್ಟರು ಮುಖದ ಮೇಲೆ ಬಾಗಿ "ನವ್ವಂಡಿ" ಎಂದರು. ನಗಬೇಕಂತೆ. ನಕ್ಕೆ. ಹಲ್ಲು ತೋರಿಸಿ ಎಂದರು, ತೋರಿಸಿದೆ. ಕಣ್ಣು ಗಟ್ಟಿಯಾಗಿ ಮುಚ್ಚಿ ಎಂದರು, ಮುಚ್ಚಿದೆ. ಮುಖದ ನರ ನೆಟ್ಟಗಿದೆ ಎಂದು ನೋಡುವ ಕ್ರಮ ಅದು. ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಇದು ಗೊತ್ತಿಲ್ಲ. "ಎದ್ದಕೂಡ್ಲೆ ಹಲ್ಲ ಕಿಸೀಲಿಕತ್ತಾಳ, ತಲ್ಯಾಗೇನರೆ ಕೈ ಹಾಕ್ಯಾರೇನ ನೋಡೋ" ಎಂದು ನಮ್ಮವರನ್ನು ಒಳಗೆ ದೂಡಿದರಂತೆ.

ಮನೆಗೆ ಬಂದ ಮೇಲಿನ ದಿನಗಳಲ್ಲಿ ಹೇಳುವಂಥದ್ದು ಹೆಚ್ಚೇನೂ ಇಲ್ಲ. ತಲೆಗೆ ರುಮಾಲಿನಂಥ ಬ್ಯಾಂಡೇಜು. ಕಿವಿಯ ಹಿಂದೆ ಕೂದಲು ಬೋಳಿಸಿದ್ದರು. ಬಗ್ಗುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ, ಮೂಗು ಸೀಟುವ ಹಾಗಿಲ್ಲ, ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಬಾಯಿ ತೆರೆದು ಸೀನಿದರೆ ಎಂಥ ಸದ್ದಾಗುತ್ತದೆ ಎಂದು ಮಲ್ಕಾಜ್‌ಗಿರಿಗೆಲ್ಲ ಗೊತ್ತಾಯಿತು. ಕಿವಿಯೊಳಗೆ ಯಾರೋ ಬಟ್ಟೆ ಒಗೆಯುತ್ತಿರುವಂತೆ ಧಪ್ ಧಪ್ ಎಂದು ನನ್ನ ನಾಡಿಯೇ ನನಗೆ ಕೇಳಿಸುತ್ತಿತ್ತು. ಅರ್ಧ ನಾಲಗೆಯ ರುಚಿ ಹೋಗಿತ್ತು. ಆ ಕಡೆಯ ನರ ಕಿವಿಯ ಒಳಗಿಂದ ಹಾಯುತ್ತದಂತೆ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಸಾರಿಗೆ ಉಪ್ಪಿಲ್ಲ ಎಂದೆ. ಅತ್ತೆ ಉಪ್ಪು ಹಾಕಿದರು. ಇನ್ನೂ ಇಲ್ಲ ಎಂದೆ. ಇನ್ನೂ ಹಾಕಿದರು. ನಮ್ಮವರು ಒಂದು ತುತ್ತು ಉಂಡು ನೀರಿನ ತಂಬಿಗೆಯನ್ನೇ ಎತ್ತಿದರು. ನೋಡಲು ಬಂದವರೆಲ್ಲ ಬ್ಯಾಂಡೇಜು ನೋಡಿದ್ದೇ ತಡ, ನಾನು ಪೂರ್ತಿ ಕಿವುಡಿಯಾದೆನೆಂದು ತಿಳಿದು ಒಳ್ಳೆಯ ಕಿವಿಗೆ ಬಾಯಿಟ್ಟು ಕೂಗುತ್ತಿದ್ದರು. ಇದ್ದ ಒಂದು ಕಿವಿಯನ್ನೂ ಅವರು ಕೆಡಿಸದೆ ಹೋದದ್ದು ನನ್ನ ಪುಣ್ಯ.

ಅತ್ತೆ ಎಲ್ಲವನ್ನೂ ಮಾಡಿದರು. ಗಂಜಿ ಕೊಟ್ಟರು, ಹೆರಳು ಹಾಕಿದರು, ಗುಳಿಗೆಯ ಹೊತ್ತು ನೆನಪಿಟ್ಟರು. ಅವರು ಕೋಣೆಗೆ ಬಂದಾಗಲೆಲ್ಲ ನನ್ನ ಎದೆ ಹಾರುತ್ತಿತ್ತು, ಈಗ ಕೇಳುತ್ತಾರೆ ಎಂದು. ಕೇಳುತ್ತಿರಲಿಲ್ಲ. ಕೇಳದೆ ಇದ್ದಷ್ಟೂ ನನಗೆ ಕಷ್ಟವಾಗುತ್ತಿತ್ತು.

ಬ್ಯಾಂಡೇಜು ಬಿಚ್ಚಿ ಬರಿಯ ಔಷಧಿಯ ಬತ್ತಿ ತುಂಬಿದ ಕಿವಿಯಾದ ಮೇಲೆ ಒಂದು ಮಧ್ಯಾಹ್ನ, ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅತ್ತೆ ಹತ್ತಿಯ ಡಬ್ಬಿ ತಂದುಕೊಂಡು ಮಂಚದ ಮೇಲೆ ನನ್ನ ಎಡಕ್ಕೆ ಕೂತು ದೀಪದ ಬತ್ತಿ ಹೊಸೆಯತೊಡಗಿದರು.

"ಸುನಂದಾ, ಡಾಕ್ಟರು ಕೇಳಿದ್ದಕ್ಕ ನೀ ನೆನಪಿಲ್ಲ ಅಂದಿ."

ಬಂತು ಎಂದುಕೊಂಡೆ. "ಹೌದ್ರಿ."

"ನನಗ ನೆನಪೈತಿ. ನಿನ್ನ ನೋಡಾಕ ಬಂದಾಗ, ಹೊರಡೂ ಮುಂದ ನಿನಗ ಹೂವ ಮುಡಿಸಿದ್ದು ನಾನ. ಹಿಂದ ನಿಂತು ಕೂದಲಾ ಸರಿಸಿದ್ರ ಬಲಗಿವ್ಯಾಗ ಹತ್ತಿ. ಅಲ್ಲೇ ಬಲಕ್ಕ ನಿಂತು, ಸಣ್ಣ ದನಿಲೆ ಅಡಗಿ ಏನೇನ ಬರ್ತೈತಿ ಅಂತ ಎರಡು ಸಲ ಕೇಳಿದ್ನಿ. ನೀ ಮಿಸುಕಾಡ್ಲಿಲ್ಲ. ಎಡಕ್ಕ ಬಂದು ಕೇಳಿದ್ರ ಪಟ್ಟನ ಹೇಳಿದಿ."

ಅಷ್ಟು ವರ್ಷದ ಗೋಡೆ, ಕಿಟಕಿ, ಚಪ್ಪಲಿ ಎಲ್ಲ ಕಣ್ಣ ಮುಂದೆ ಬಂದವು. "ಮತ್ತ ಯಾಕ ಒಪ್ಪಿದ್ರಿ?" ಎಂದೆ.

"ಇನ್ನೊಂದು ಕಿವಿ ಚೊಲೋ ಇತ್ತಲ್ಲ."

"ನಮ್ಮವ್ವ..." ಎಂದೆ.

"ನಿಮ್ಮವ್ವಗ ಏನನ್ನೂದು? ಆಕಿ ಜಾಗಾದಾಗ ನಾ ಇದ್ರ ನಾನೂ ಗ್ವಾಡಿಗೇ ಕುಂದ್ರಸ್ತಿದ್ದೆ."

ಅಳು ಬಂತು. ಇಷ್ಟು ವರ್ಷ ಹಿಡಿದಿಟ್ಟದ್ದು ಒಂದೇ ಸಲ ಬಂತು. ಮೂಗು ಸೀಟುವ ಹಾಗಿಲ್ಲದವರು ಅಳಬಾರದು, ಅದೊಂದು ದೊಡ್ಡ ಪಜೀತಿ. ಅತ್ತೆ ಸೆರಗಿನಿಂದ ಮೂಗು ಒರೆಸಿದರು, ಮೆಲ್ಲಗೆ, ಮಗುವಿಗೆ ಒರೆಸಿದ ಹಾಗೆ.

"ಗೊತ್ತಿದ್ದೂ ಒಂದು ಸಲನರೆ ಯಾಕ ಕೇಳ್ಲಿಲ್ರಿ?" ಎಂದೆ.

"ನೀನ ಹೇಳ್ತಿ ಅಂತ ನಾ ಕುಂತೆ. ನಾ ಕೇಳಿದ್ರ ನಿನಗ ಹೆಂಗಾಗಿರ್ತಿತ್ತು? ನೀನೂ ಕುಂತಿ, ನಾನೂ ಕುಂತೆ, ನಡುವ ಕಿವಿ ಹೋತು." ಬತ್ತಿಯೊಂದನ್ನು ಹೊಸೆದು ಬದಿಗಿಟ್ಟರು. "ತಪ್ಪಾತು ಅದು. ಡಾಕ್ಟರು ಎಲುಬು ತೋರಿಸಿದಾಗ ನನಗ ತಿಳೀತು."

ಆಮೇಲೆ ನಾನೇ, ಓಣಿಯವರೆಲ್ಲ ನಮ್ಮನ್ನು ಹೊಗಳುತ್ತಾರೆ, ನೀವು ಇಷ್ಟು ವರ್ಷದಲ್ಲಿ ನನಗೆ ಒಂದು ಕೆಟ್ಟ ಮಾತು ಆಡಲಿಲ್ಲ ಎಂದೆ. ಹೃದಯ ತುಂಬಿಯೇ ಹೇಳಿದೆ.

ಅತ್ತೆ ನನ್ನನ್ನು ವಿಚಿತ್ರವಾಗಿ ನೋಡಿದರು. "ಯಾರಂದ್ರು ಆಡಿಲ್ಲ ಅಂತ? ಹೊಟ್ಟಿ ತುಂಬ ಬೈದೀನಿ. ಹಾಲು ಉಕ್ಕಿಸಿದಾಗ ಬೈದೀನಿ, ತವರಿಗೆ ಹೋಗಿ ಹೇಳಿದ ದಿನಕ್ಕ ಬರಲಾರದಾಗ ಬೈದೀನಿ. ಬಲಗಡೆ ನಿಂತು ಬೈತಿದ್ನಿ, ಅಷ್ಟ."

ನಗು ಬಂತು. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಕಿವಿಯ ಮೇಲೆ ಕೈ ಒತ್ತಿ ಹಿಡಿದು ನಕ್ಕೆ. ಅತ್ತೆಯೂ ನಕ್ಕರು. ನಕ್ಕು ಮುಗಿದ ಮೇಲೂ ನನಗೊಂದು ಉಳಿದಿತ್ತು, ಮತ್ತೆ ಅವ್ವನ ವಿಷಯವೇ. "ಆದ್ರೂ ನಾವು ಮುಚ್ಚಿಟ್ಟು ಲಗ್ನಾ ಮಾಡಿದ್ದು ಖರೇನ ಅಲ್ಲೇನ್ರಿ" ಎಂದೆ.

ಅವರ ಕೈ ನಿಂತಿತು. "ಮುಚ್ಚಿಟ್ಟವರು ನೀವಷ್ಟ ಅಲ್ಲ. ನಾವೂ ಒಂದು ಹೇಳಿರಲಿಲ್ಲ" ಎಂದರು.

"ಏನ್ರಿ ಅದು?"

ಅತ್ತೆ ಬಾಗಿಲ ಕಡೆ ನೋಡಿದರು. ಯಾರೂ ಇರಲಿಲ್ಲ. ಮಡಿಲಲ್ಲಿದ್ದ ಹತ್ತಿಯನ್ನು ಡಬ್ಬಿಗೆ ಹಾಕಿ ಮೊಣಕಾಲ ಮೇಲೆ ಕೈಯೂರಿ ಎದ್ದರು. ಮಂಚ ಸುತ್ತಿ ಬಂದು ನನ್ನ ಬಲಕ್ಕೆ ಕೂತರು. ಅಲ್ಲಿ ಕೂತು ಹೇಳಿದರು. ಬಹಳ ಹೊತ್ತು, ಪಿಸುದನಿಯಲ್ಲಿ ಹೇಳಿದರು, ನನಗೆ ಒಂದು ಶಬ್ದವೂ ಮುಟ್ಟಲಿಲ್ಲ. ನಡುವೆ ಒಮ್ಮೆ ನಕ್ಕ ಹಾಗೆ ಮಂಚ ಅಲುಗಿತು. ಒಮ್ಮೆ ಓರೆಯಾಗಿ ನೋಡಿದೆ, ಕಣ್ಣು ಒರೆಸಿಕೊಳ್ಳುತ್ತಿದ್ದರು. ತಿರುಗಿ ಎಡಗಿವಿ ಕೊಡುವುದಕ್ಕೆ ನನಗೆ ಮನಸ್ಸಾಗಲಿಲ್ಲ. ಕುತ್ತಿಗೆ ನೆಟ್ಟಗೆ ಇಟ್ಟುಕೊಂಡು ಕೂತೆ. ಮುಗಿದ ಮೇಲೆ ಅವರು ನನ್ನ ಎದುರಿಗೆ ಬಂದು ನಿಂತು, ಮುಖ ನೋಡಿದರು.

"ಕೇಳಿಸ್ತಿಲ್ಲೋ?" ಎಂದರು.

"ಎಲ್ಲಾ ಕೇಳಿಸ್ತ್ರಿ" ಎಂದೆ.

ಅವರ ಮುಖ ಹಗುರಾಯಿತು. ಚಹಾ ಇಡುತ್ತೇನೆ ಎಂದು ಒಳಗೆ ಹೋದರು.